ಕಂಡವರು ಬಂದು ಹೇಳಲಿ

ಕಿರುಗಾವಲಿನ ಕೆಂಪಸಿದ್ದಯ್ಯನವರು ಬೀಗರೂಟದ ಅಡುಗೆಗೆ ನಿಂತರು ಅಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ನೆಂಟರು ಬೆಳಗಿನ ತಿಂಡಿ ಬಿಟ್ಟು ಹೊಟ್ಟೆ ಖಾಲಿ ಇಟ್ಟುಕೊಂಡು ಬರುತ್ತಾರೆ. ಪಕ್ಕದ ಮನೆಯವಳು ಅಂತ ನಾನು ಹೊಗಳುತ್ತಿಲ್ಲ. ಅವರ ಮಟನ್ ಸಾರಿಗೆ ಮುದ್ದೆ ಮುರಿದು ಅದ್ದಿದವರು ಯಾರು ಸಿಕ್ಕಿದರೂ ಕೇಳಿ. ನನ್ನ ಗಂಡ ಹುಸೇನ್ ಅವರದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ಕೊಪ್ಪರಿಗೆ, ಅವರ ಸೌಟು, ಎರಡೂ ಸೇರಿ ಈ ಸೀಮೆಯ ಎಷ್ಟೋ ಮದುವೆಗಳ ಮಾನ ಉಳಿಸಿವೆ. ನಾನು ಮಹಮೂದಾ, ರವಿಕೆ ಹೊಲಿಯುತ್ತೇನೆ. ಆದರೆ ನಾನು ಈಗ ಎದೆಯುಬ್ಬಿಸಿ ಹೇಳಬೇಕೆಂದಿರುವುದು ಆ ದೊಡ್ಡ ಅಡುಗೆಯವರ ಬಗ್ಗೆಯೂ ಅಲ್ಲ, ನಮ್ಮ ಅಂಗಡಿಯ ಬಗ್ಗೆಯೂ ಅಲ್ಲ. ಅವರ ಹೆಂಡತಿ ರೇವಮ್ಮನ ಬಗ್ಗೆ.

ಕೊರೊನಾ ಎರಡನೇ ಸಲ ಬಂದ ಬೇಸಿಗೆ ಅದು. ಮದುವೆಗಳು ನಿಂತಿದ್ದವು. ನಮ್ಮ ಕೊಪ್ಪರಿಗೆಗಳು ಅಂಗಡಿಯಲ್ಲಿ ಬೋರಲು ಬಿದ್ದಿದ್ದವು. ನಾವೆಲ್ಲ ಕೆಂಪಣ್ಣ ಅನ್ನುವ ಕೆಂಪಸಿದ್ದಯ್ಯನವರಿಗೆ ಜ್ವರ ಬಂತು, ಆಮೇಲೆ ಉಸಿರು ಎಳೆಯತೊಡಗಿತು. ಆಂಬುಲೆನ್ಸ್ ಕರೆಸಿ ಮಂಡ್ಯದ ಆಸ್ಪತ್ರೆಗೆ ಕಳಿಸಿದೆವು. ರೇವಕ್ಕನಿಗೂ ಸಣ್ಣಗೆ ಜ್ವರ ಇದ್ದುದರಿಂದ ಮನೆ ಬಿಟ್ಟು ಕದಲಬಾರದು ಅಂತ ಆಂಬುಲೆನ್ಸಿನವರು ಹೇಳಿ ಹೋಗಿದ್ದರು. ಕೆಂಪಣ್ಣ ಹೋಗುವಾಗ ಫೋನು ಒಯ್ದರು, ಚಾರ್ಜರ್ ಮರೆತರು. ಮಾರನೇ ದಿನದಿಂದ ಫೋನು ಸ್ವಿಚ್ ಆಫ್. ರೇವಕ್ಕ ಜಗಲಿಯಲ್ಲಿ ಕೂತು ಬೀದಿ ನೋಡುವುದು, ನಾನು ನಮ್ಮ ಬಾಗಿಲಲ್ಲಿ ಕೂತು ಅವಳನ್ನು ನೋಡುವುದು, ಹೀಗೆ ನಡೆದಿತ್ತು.

ನನ್ನ ಮಗ ಸುಹೇಲನಿಗೆ ಮಳವಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ. ಲಾಕ್‌ಡೌನಿನಲ್ಲಿ ಬಾಗಿಲು ಹಾಕಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಏನು ಕೆಲಸ ಅನ್ನುತ್ತೀರಿ? ಸತ್ತವರ ಫೋಟೋ. ಒಂದು ಮನೆಯವರದು ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯವರು ಫೋನು ಮಾಡುತ್ತಿದ್ದರು. ನಡುವೆ ಮುಖ, ಮೇಲೆ ಮಲ್ಲಿಗೆ ಹಾರ, ಎರಡು ಪಕ್ಕಕ್ಕೆ ಎರಡು ದೀಪ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಹುಡುಗನ ಮುಖವೇ ಬಾಡಿಹೋಗಿತ್ತು. ಜನ ಸಾಯುವುದಕ್ಕಿಂತ ಬೇಗ ಫೋಟೋ ಬೇಕು ಅಂತಾರಮ್ಮೀ ಅಂತ ಒಂದು ದಿನ ಅತ್ತಿದ್ದ. ಕೆಂಪಣ್ಣ ಆಸ್ಪತ್ರೆಗೆ ಹೋದ ಮೇಲೆ, ಒಬ್ಬರದಾದರೂ ಬದುಕುವ ಫೋಟೋ ಮಾಡುತ್ತೇನೆ ಅಂತ ಅವರದೊಂದು ಮಾಡಿದ. ಪೇಟ ಸುತ್ತಿ ಸೌಟು ಹಿಡಿದು ನಗುತ್ತಿರುವ ಫೋಟೋ. ಕೆಳಗೆ, ಬೇಗ ಗುಣವಾಗಿ ಬನ್ನಿ ಕೆಂಪಣ್ಣ, ನಿಮ್ಮ ಕೈರುಚಿಗೆ ಕಾಯುತ್ತಿದ್ದೇವೆ ಅಂತ ಬರೆದು ಅಡುಗೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ ಮಲಗಿದ.

ಮಾರನೇ ದಿನ ನಾನು ಹೊಲಿಗೆ ಮಿಷನ್ ಮುಂದೆ ಕೂತಿದ್ದಾಗ ಸುಹೇಲ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದ. ಕೈಯಲ್ಲಿ ಫೋನು. ಮದ್ದೂರಿಂದ, ಕೆರಗೋಡಿಂದ, ಮಂಡ್ಯದಿಂದ, ಎಲ್ಲ ಕಡೆಯಿಂದ ಒಂದೇ ಸುದ್ದಿ. ಬೀಗರೂಟದ ಕೆಂಪಸಿದ್ದಯ್ಯ ಇನ್ನಿಲ್ಲ. ಓಂ ಶಾಂತಿ. ಅನ್ನದಾತನಿಗೆ ನಮನ. ಕೈ ಮುಗಿದ ಚಿಹ್ನೆಗಳು ಒಂದರ ಕೆಳಗೊಂದು. ತಾನೇ ಹೊಲದ ಬದಿಯಲ್ಲಿ ಹಾಕಿದ ಹೊಗೆ ಊರೆಲ್ಲ ಸುತ್ತಿ ಮನೆಗೆ ಬಂದಾಗ ಎಲ್ಲೋ ಬೆಂಕಿ ಬಿದ್ದಿದೆ ಅಂತ ನಂಬಿದವನ ಹಾಗಾಗಿತ್ತು ಅವನ ಕತೆ. ಅದು ಆಮೇಲೆ ಗೊತ್ತಾಗಿದ್ದು. ಆ ಹೊತ್ತಿಗೆ ನಾನೂ ಮಿಷನ್ ಬಿಟ್ಟು ಅಳತೊಡಗಿದೆ. ಸುಹೇಲನಂತೂ ಕೆಂಪಣ್ಣನ ತಮ್ಮ ದೇವಯ್ಯ ಫೋನು ಮಾಡಿ ಕೇಳಿದ ಅಂತ ಕಣ್ಣೊರೆಸಿಕೊಳ್ಳುತ್ತಲೇ ಶ್ರದ್ಧಾಂಜಲಿಯದೂ ಒಂದು ಮಾಡಿ ಕಳಿಸಿಬಿಟ್ಟಿದ್ದ.

ನಾನು ಸೆರಗು ಹೊದ್ದು ರೇವಕ್ಕನ ಅಂಗಳಕ್ಕೆ ಓಡಿದೆ. ಅಷ್ಟರಲ್ಲಿ ಅಲ್ಲಿ ಜನ ಇದ್ದರು. ದೇವಯ್ಯ ತನ್ನ ಮಗ ಪ್ರೀತಂನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಳಲಿನಿಂದ ಬಂದಿದ್ದ. ಹೊಳಲು ಎಲ್ಲಿದೆ? ಮಂಡ್ಯದ ಪಕ್ಕ. ಆಸ್ಪತ್ರೆಗೆ ಅಲ್ಲಿಂದ ಎಷ್ಟು ಹೊತ್ತಿನ ದಾರಿ? ಒಂದು ಬೀಡಿ ಸೇದುವಷ್ಟು ಹೊತ್ತಿನದು. ಅಣ್ಣನ ಮುಖ ನೋಡಲು ಅಲ್ಲಿಗೆ ಹೋಗದೆ, ಅತ್ತಿಗೆಯ ಮುಂದೆ ಅಳಲು ಕಿರುಗಾವಲಿಗೆ ಬಂದಿದ್ದ ಪುಣ್ಯಾತ್ಮ. ಬೀದಿಯ ಹಿರಿಯಳು ಚಿಕ್ಕಬೋರಮ್ಮ ಇನ್ನಿಬ್ಬರು ಮುತ್ತೈದೆಯರಲ್ಲದ ಹೆಂಗಸರನ್ನು ಕರೆದುಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಯಾತಕ್ಕೆ ಬಂದಿದ್ದಳು ಅಂತ ನನಗೆ ಗೊತ್ತು. ರೇವಕ್ಕನ ಬಳೆ ಒಡೆಯುವುದಕ್ಕೆ, ಕುಂಕುಮ ಅಳಿಸುವುದಕ್ಕೆ.

ರೇವಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ಜ್ವರಕ್ಕೆ ಕೆಂಪಾಗಿತ್ತೇ ಹೊರತು ಒಂದು ಹನಿ ನೀರಿರಲಿಲ್ಲ.

"ಅತ್ತಿಗೆ, ನಮ್ಮಣ್ಣ ನಮ್ನೆಲ್ಲ ಬುಟ್ಟು ಓಗ್ಬುಟ್ನಲ್ಲ!" ಅಂತ ದೇವಯ್ಯ ಎದೆ ಬಡಿದುಕೊಂಡ.

ರೇವಕ್ಕ ಒಂದೇ ಮಾತು ಕೇಳಿದಳು. "ಮೊಕ ಕಂಡ್ಯಾ?"

"ಆಂ?"

"ನಿಮ್ಮಣ್ಣನ ಮೊಕ ಕಂಡ್ಯಾ ಅಂದೆ."

"ಇಲ್ಲ ಅತ್ತಿಗೆ, ಆದ್ರೆ ಮೂರು ಗ್ರೂಪಲ್ಲಿ ಬಂದದೆ. ಮೂರು ಕಡೆ ಬಂದ್ಮ್ಯಾಲೆ ಸುಳ್ಳಾಯ್ತದಾ?"

ನಮ್ಮ ಕಡೆ ಸಾವಿನ ಸುದ್ದಿಗೆ ಒಂದು ಪದ್ಧತಿ ಇದೆ. ಹಿಂದೂಗಳಾಗಲಿ ನಾವಾಗಲಿ, ಈ ಬೀದಿಯಲ್ಲಿ ಹುಟ್ಟಿ ಬೆಳೆದವರೆಲ್ಲ ನೋಡಿರುವ ಪದ್ಧತಿ. ಸತ್ತವರ ಮುಖ ಕಂಡವನೇ ಸುದ್ದಿ ತರಬೇಕು. ಬಂದವನು ಅಂಗಳದಲ್ಲಿ ನಿಂತು ಹೇಳುತ್ತಾನೆ, ಕೂರುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ, ಹೇಳಿ ಹಾಗೇ ತಿರುಗುತ್ತಾನೆ. ಫೋನು ಬಂದ ಮೇಲೆ ಅದನ್ನೆಲ್ಲ ಯಾರು ನೋಡುತ್ತಾರೆ? ಯಾರೂ ಇಲ್ಲ ಅಂದುಕೊಂಡಿದ್ದೆ.

"ಕಂಡಿಲ್ಲ ಅಂದ್ಮ್ಯಾಲೆ ನೀನು ಸುದ್ದಿ ತಂದೋನಲ್ಲ, ನೆಂಟ," ಅಂದಳು ರೇವಕ್ಕ. "ನೆಂಟ ಬಂದ್ರೆ ನೀರು ಕೊಡೋದು ನಮ್ಮನೆ ಪದ್ದತಿ. ಮಾಮೂದಾ, ನನ್ ಮನೆ ಒಳೀಕೆ ಯಾರೂ ಬರೋದ್ ಬ್ಯಾಡ. ನೀನೇ ಬೀದಿ ನಲ್ಲೀಲಿ ನೀರಿಡ್ದು ಇವ್ರಿಗೆಲ್ಲ ಕೊಡಮ್ಮ."

ನಾನು ಅಂಗಡಿಯಿಂದ ಪೇಪರ್ ಲೋಟಗಳ ಕಟ್ಟು ತಂದೆ. ನೀರು ಹಿಡಿದು ಮೊದಲ ಲೋಟ ದೇವಯ್ಯನ ಮುಂದೆ ಚಾಚಿದೆ. ಅವನು ಹಿಂದೆ ಸರಿದ. "ಸಾವಿನ ಮನೇಲಿ ನೀರು ಕುಡಿಯಾಕಾಯ್ತದಾ ಅತ್ತಿಗೆ?"

"ಇದು ಸಾವಿನ ಮನೆ ಅಂತ ಯಾರ್ ಅಂದೋರು? ಕಂಡಿದ್ರೆ ಕುಡೀಬ್ಯಾಡ. ಕಂಡಿಲ್ಲ ಅಂದ್ರೆ ಕುಡಿ."

ಅವಳ ದನಿ ಏರಿರಲಿಲ್ಲ. ಆದರೆ ದೇವಯ್ಯ ಮಾಸ್ಕ್ ಕೆಳಗಿಳಿಸಿ ಗಟಗಟ ಕುಡಿದ. ಪ್ರೀತಂ ಕುಡಿದ. ಬೇಲಿಯ ಹತ್ತಿರ ನಿಂತಿದ್ದ ಚಿಕ್ಕಬೋರಮ್ಮ ಲೋಟ ಹಿಡಿದು ನನ್ನ ಮುಖ ನೋಡಿದಳು.

"ಗ್ಯಾನ ತಪ್ಪದೆ ಪಾಪ ಇವಳ್ಗೆ. ಒತ್ತು ಮೀರಿದ್ರೆ ಓದೋನ್ಗೆ ಒಳ್ಳೇದಾಗಲ್ಲ ಕಣೇ ಮಾಮೂದಾ," ಅಂದಳು.

"ಕುಡಿಯಜ್ಜಿ ಮೊದ್ಲು," ಅಂದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೂ ರೇವಕ್ಕನ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಅಷ್ಟೂ ಜನ ಹೇಳುತ್ತಿದ್ದಾರೆ, ಇವಳೊಬ್ಬಳು ಇಲ್ಲ ಅನ್ನುತ್ತಿದ್ದಾಳೆ. ಕೆಂಪಣ್ಣ ನಿಜವಾಗಿಯೂ ಹೋಗಿದ್ದು, ಇವಳು ಹೀಗೆ ಬಳೆ ತೊಟ್ಟು ಕೂತರೆ ನಾಳೆ ಊರು ಇವಳನ್ನು ಬಿಟ್ಟೀತೇ? ಆದರೆ ಬದುಕಿದ್ದರೆ? ಬದುಕಿರುವ ಗಂಡನ ಹೆಸರಿನಲ್ಲಿ ಬಳೆ ಒಡೆಸಿಕೊಂಡ ಹೆಂಗಸು ಆಮೇಲೆ ಯಾವ ಮುಖ ಇಟ್ಟುಕೊಂಡು ಅವನೆದುರು ನಿಲ್ಲಬೇಕು?

ರೇವಕ್ಕ ನಮ್ಮ ಮನೆಯ ಕಡೆ ತಿರುಗಿ ಕೂಗಿದಳು. "ಉಸೇನಣ್ಣ, ನೀನು ಓಗಿ ಕಂಡ್ ಬಾ. ನೀನು ಕಂಡು ಅವ್ನಿಲ್ಲ ಅಂದ್ರೆ ನಾನೇ ಕಲ್ಲು ತಕ್ಕಂಡು ಬಳೆ ಕುಟ್ಕಂತೀನಿ."

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಕೊರೊನಾ ಆಸ್ಪತ್ರೆಯ ಹತ್ತಿರ ಸುಳಿಯಬೇಡಿ ಅಂತ ಡಾಕ್ಟರು ಒತ್ತಿ ಹೇಳಿದ್ದರು. ಬೇಡ ಅನ್ನಲು ಬಾಯಿ ತೆರೆದೆ. ಅವರು ಆಗಲೇ ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿ ಟಿವಿಎಸ್ ಗಾಡಿ ಹೊರಗೆ ತಳ್ಳುತ್ತಿದ್ದರು. ನನ್ನ ಕಡೆ ನೋಡಿ, "ಇಪ್ಪತ್ತು ವರ್ಸ ಒಂದೇ ಒಲೆ ಮುಂದೆ ನಿಂತಿದೀವಿ ಕಣೇ," ಅಂದರು. ಆ ಮನುಷ್ಯನನ್ನು ಕಟ್ಟಿಕೊಂಡಿದ್ದಕ್ಕೆ ನನಗೆ ಆವತ್ತು ಆದಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಅವರು ಹೋದ ಮೇಲೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಸಿಟ್ಟು ಬಂದರೆ ನನಗೆ ಯಾರನ್ನಾದರೂ ಹಿಡಿದು ಕೇಳಬೇಕು. ಪ್ರೀತಂನನ್ನು ಹಿಡಿದೆ.

"ನಿಂಗ್ಯಾರ್ಲಾ ಯೋಳ್ದೋರು?"

"ಎಲ್ಲಾರೂ ಸ್ಟೇಟಸ್ ಹಾಕಿದ್ರು ಕಣತ್ತೆ."

"ನೀನೂ ಹಾಕ್ದಾ?"

ಅವನು ತಲೆ ತಗ್ಗಿಸಿದ. "ದೊಡ್ಡಪ್ಪ ಅಲ್ವಾ. ಕಂಡೋರೆಲ್ಲ ಹಾಕವ್ರೆ, ಸ್ವಂತ ತಮ್ಮನ ಮಗ ನಾನೇ ಹಾಕ್ನಿಲ್ಲ ಅಂದ್ರೆ ಜನ ಏನಂದಾರು? ಅವ್ನಿಗೆ ದುಕ್ಕಾನೇ ಇಲ್ಲ ಅನ್ನಲ್ವಾ?"

ಅವನು ಬರೆದದ್ದನ್ನು ಓದಿಸಿದೆ. ದೊಡ್ಡಪ್ಪ ಹೋದರು, ಗಟ್ಟಿಮುಟ್ಟಾದವರೇ ಹೋಗುತ್ತಿದ್ದಾರೆ, ಎಲ್ಲರೂ ಉಷಾರಾಗಿರಿ, ಮಾಸ್ಕ್ ಹಾಕಿ ಅಂತ ಬರೆದಿದ್ದ. ಬೈಯಬೇಕು ಅಂತ ಇದ್ದವಳು ಫೋನು ಅವನ ಕೈಗೇ ಕೊಟ್ಟೆ. ಹುಡುಗ ಕೆಟ್ಟವನಲ್ಲ. ದುಃಖ ಇತ್ತು, ಹೆದರಿಕೆ ಇತ್ತು, ಹಿಂದೆ ಬಿದ್ದರೆ ಜನ ಏನೆಂದಾರು ಅನ್ನುವ ಅಳುಕೂ ಇತ್ತು. ಮೂರೂ ಸೇರಿ ಬೆರಳು ಒತ್ತಿವೆ. ನನಗೆ ಒಬ್ಬ ಕೇಡಿಗ ಸಿಕ್ಕಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪ್ರೀತಂಗೆ ಸುದ್ದಿ ಕೆರಗೋಡಿನ ಗೆಳೆಯನಿಂದ, ಆ ಗೆಳೆಯನಿಗೆ ಮದ್ದೂರಿನ ರಂಜಿತಳಿಂದ. ರಂಜಿತ ಬಡಿಸುವ ಹೆಣ್ಣುಮಕ್ಕಳ ತಂಡದವಳು, ಅಡುಗೆಯವರ ಗ್ರೂಪಿನಲ್ಲಿ ಇರುವವಳು. ಅವಳ ಮದುವೆಗೆ ಕೆಂಪಣ್ಣ ಕೂಲಿ ತೆಗೆದುಕೊಳ್ಳದೆ ಅಡುಗೆ ಮಾಡಿದ್ದರು. ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟೆ.

"ರಂಜಿತ, ಕೆಂಪಣ್ಣನ ಸುದ್ದಿ ನಿಂಗ್ಯಾರು ಯೋಳ್ದೋರು?"

ಆ ಕಡೆಯಿಂದ ಅಳು. "ನಿಮ್ ಸುಹೇಲನೇ ಹಾಕಿದ್ನಲ್ಲಕ್ಕ, ಪೋಟ."

ಅಂಗಳದಲ್ಲಿ ಎಲ್ಲರೂ ಸುಹೇಲನ ಕಡೆ ತಿರುಗಿದರು. ಅವನು ಬೆಬ್ಬೆಬ್ಬೆ ಅಂದ. "ನಾನು ಹಾಕಿದ್ದು ಗುಣವಾಗಿ ಬನ್ನಿ ಅಂತ! ರಾತ್ರಿ ಹಾಕಿದ್ದು!"

"ಮಲ್ಲಿಗೆ ಆರ ಇತ್ತು, ಎಲ್ಡು ದೀಪ ಇತ್ತು," ಅಂದಳು ರಂಜಿತ. "ದಿನಾ ಅಂಥವೇ ನೋಡಿ ನೋಡಿ... ಓದೋದೇನಕ್ಕ ಅದ್ರಲ್ಲಿ? ಅಳು ಬಂತು, ಓಂ ಶಾಂತಿ ಅಂತ ಹಾಕ್ಬುಟ್ಟೆ."

ಸುಹೇಲ ಫೋನು ತೆರೆದು ಆ ಫೋಟೋ ತೋರಿಸಿದ. ದಿನವೂ ಮಾಡುತ್ತಿದ್ದ ಅದೇ ಚೌಕಟ್ಟಿನಲ್ಲಿ ಮುಖ ಬದಲಿಸಿ, ಅಕ್ಷರ ಬದಲಿಸಿ, ಹಾರ ಮತ್ತು ದೀಪಗಳನ್ನು ತೆಗೆಯುವುದನ್ನು ಮರೆತಿದ್ದ. ಕೆಳಗೆ ದಪ್ಪಕ್ಷರದಲ್ಲಿ ಬೇಗ ಗುಣವಾಗಿ ಬನ್ನಿ ಅಂತಲೇ ಇತ್ತು. ಮೂರು ತಾಲ್ಲೂಕಿನಲ್ಲಿ ಆ ಸಾಲನ್ನು ಓದಿದವರು ಒಬ್ಬರೂ ಇಲ್ಲ. ಬರೆದವನೇ ಮರೆತಿದ್ದ ಅಂದಮೇಲೆ ಬೇರೆಯವರಿಗೆ ಏನು ಹೇಳುವುದು? ನನ್ನ ಹೊಟ್ಟೆಯಲ್ಲಿ ಹುಟ್ಟಿದ ಜಾಣ ಗೋಡೆಗೆ ಮುಖ ಮಾಡಿ ನಿಂತ.

"ನೋಡಿದ್ರಾ! ಸುಳ್ಳು ಎಲ್ಲಿಂದ ಉಟ್ತು ನೋಡಿದ್ರಾ!" ಅಂತ ನಾನು ಕೂಗಿದೆ.

ದೇವಯ್ಯ ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ಅದು ಸರಿ ಕಣಮ್ಮ. ಆದ್ರೆ ನೆನ್ನೆ ಬದ್ಕಿದ್ದೋನು ಇವತ್ತು ಸಾಯಬಾರ್ದು ಅಂತ ಐತಾ? ಮೂಗಿಗೆ ಗಾಳಿ ಇಟ್ಟವ್ರೆ ಅವ್ನ್ಗೆ. ಅಲ್ಲಿಗೆ ಓದೋರು ಎಷ್ಟ್ ಜನ ವಾಪಸ್ ಬಂದವ್ರೆ ಯೋಳು?"

ಅವನ ಮಾತು ನಿಜ. ನಮ್ಮ ಬೀದಿಯಿಂದ ಹೋದವರಲ್ಲಿ ಹಿಂದಕ್ಕೆ ಬಂದವರು ಕಡಿಮೆ. ಬಿಸಿಲು ಇಳಿಯುತ್ತಾ ಬಂತು. ಯಾರೂ ಹೊರಡಲಿಲ್ಲ. ನೆರೆಮನೆಯವರ ಫೋನುಗಳು ಟಿಣ್ ಟಿಣ್ ಅನ್ನುತ್ತಲೇ ಇದ್ದವು. ಚಿಕ್ಕಬೋರಮ್ಮ ಇನ್ನೊಂದು ಸಲ ಜಗಲಿಯ ಹತ್ತಿರಕ್ಕೆ ಹೋಗಿ, "ರೇವಾ, ಮನ್ಸು ಗಟ್ಟಿ ಮಾಡ್ಕವ್ವ," ಅಂದಳು.

"ಗಟ್ಟಿಯಾಗೇ ಅದೆ ಬೋರಕ್ಕ. ನೀನು ಕೂತ್ಕೊ," ಅಂದಳು ರೇವಕ್ಕ. ಆಮೇಲೆ ಯಾರನ್ನೂ ನೋಡದೆ ಮೆಲ್ಲಗೆ ಹೇಳಿದಳು, "ಇನ್ನೂರು ಜನ ಅಂತಾವ್ರಂತೆ. ಅವ್ರ್ಗೆಲ್ಲ ಅದೊಂದು ಸುದ್ದಿ. ನಂಗೆ ಅದೇ ಬದ್ಕು. ಸುದ್ದಿ ಬೇಕಾದೋರು ಬ್ಯಾಗ ನಂಬ್ಲಿ. ನಾನ್ಯಾಕೆ ನಂಬ್ಲಿ?"

ನನಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು.

ಹೊತ್ತು ಮುಳುಗುವ ಮುಂಚೆ ಟಿವಿಎಸ್ ಸದ್ದು ಬೀದಿಯ ತುದಿಯಲ್ಲಿ ಕೇಳಿತು. ಆ ಗಾಡಿಯ ಸದ್ದು ನನಗೆ ಚೆನ್ನಾಗಿ ಗೊತ್ತು. ಎಲ್ಲರೂ ಎದ್ದು ನಿಂತರು. ರೇವಕ್ಕ ಮಾತ್ರ ಏಳಲಿಲ್ಲ, ಕಂಬವನ್ನು ಹಿಡಿದುಕೊಂಡಳು. ನನ್ನ ಗಂಡ ಬೇಲಿಯ ಹೊರಗೇ ಗಾಡಿ ನಿಲ್ಲಿಸಿದರು. ಒಳಗೆ ಬರಲಿಲ್ಲ. ಎರಡು ಮಾಸ್ಕಿನ ಮೇಲೆ ಧೂಳು ತುಂಬಿದ ಕಣ್ಣು ಎರಡೇ ಕಾಣುತ್ತಿದ್ದವು. ಆಸ್ಪತ್ರೆಯಿಂದ ಬಂದವನು ಒಳಗೆ ಬರಬಾರದು ಅಂತ ನಿಂತರೋ, ಸುದ್ದಿ ತಂದವನು ಕೂರಬಾರದು ಅಂತ ನಿಂತರೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೂ ತಿಳಿಯಲಿಲ್ಲ. ಗಾಡಿಗೆ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಹಿಡಿದುಕೊಂಡರು. ಚಿಕ್ಕಬೋರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ರೇವಕ್ಕ," ಅಂದರು, "ಗಂಟ್ಲು ಒಣಗೋಗದೆ. ಒಂದು ಲೋಟ ನೀರು ಕೊಡ್ಸಿ."

ಅಷ್ಟೇ. ಮೊದಲು ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಚಿಕ್ಕಬೋರಮ್ಮ ಎರಡೂ ಕೈ ಮೇಲೆತ್ತಿ ಕೂಗಿದ್ದು ಆಚೆ ಬೀದಿಗೂ ಕೇಳಿತು. ದೇವಯ್ಯ ಮಗನನ್ನು ಬಾಚಿ ತಬ್ಬಿಕೊಂಡ. ನಾನು ನಲ್ಲಿಗೆ ಓಡಿ ನೀರು ಹಿಡಿದೆ. ಲೋಟದಲ್ಲಿ ಅರ್ಧ ಚೆಲ್ಲಿತು. ಅವರು ಮಾಸ್ಕ್ ಸರಿಸಿ ಅಷ್ಟೂ ಕುಡಿದು, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ಅಲ್ಲಿಯ ತನಕ ಕಣ್ಣೀರು ಹಾಕದ ರೇವಕ್ಕ ಆಗ ಅತ್ತಳು. ಮೈಯೆಲ್ಲ ಅಲುಗುವಂತೆ, ಮಗುವಿನ ಹಾಗೆ ಅತ್ತಳು. ನಾವು ಅವಳನ್ನು ಹಿಡಿದುಕೊಳ್ಳಲೂ ಆಗದೆ ದೂರ ನಿಂತು ಅತ್ತೆವು.

ಒಳಗೆ ಬಿಡದಿದ್ದರೂ ಒಬ್ಬ ನರ್ಸಮ್ಮ ಕರುಣೆ ತೋರಿ ಗಾಜಿನ ಬಾಗಿಲ ತನಕ ಕರೆದುಕೊಂಡು ಹೋಗಿದ್ದಳಂತೆ. ಮೂಗಿಗೆ ಕೊಳವೆ ಹಾಕಿಕೊಂಡು ಕೆಂಪಣ್ಣ ದಿಂಬಿಗೆ ಒರಗಿದ್ದರಂತೆ. ನಮ್ಮವರನ್ನು ಕಂಡು ಕೈ ಎತ್ತಿ, ಇಲ್ಲಿಯ ಸಾರಿಗೆ ಉಪ್ಪೇ ಇಲ್ಲ ಅಂತ ಸನ್ನೆ ಮಾಡಿದರಂತೆ.

"ಉಪ್ಪು ಕೇಳ್ತಾವ್ನೆ ಅಂದ್ರೆ ಬತ್ತಾನೆ ಬುಡು," ಅಂದಳು ರೇವಕ್ಕ, ಮೂಗು ಒರೆಸಿಕೊಳ್ಳುತ್ತಾ.

ಬಂದರು. ಬಡಕಲಾಗಿ, ದನಿ ಇಳಿದು, ಆದರೆ ತಮ್ಮ ಕಾಲ ಮೇಲೆ ನಡೆದು ಬಂದರು. ಬದುಕಿದ್ದಾರೆ ಅನ್ನುವ ಸುದ್ದಿ ಮಾತ್ರ ಅವರಿಗಿಂತ ನಿಧಾನವಾಗಿ ನಡೆಯಿತು. ಸತ್ತರು ಅಂತ ಹಾಕಿದವರಲ್ಲಿ ಅರ್ಧ ಜನ ಸತ್ತಿಲ್ಲ ಅಂತ ಹಾಕಲೇ ಇಲ್ಲ. ನಾಚಿಕೆ ಇರಬೇಕು. ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದವರಿಗೇ ಒಬ್ಬ ಫೋನು ಮಾಡಿ ತಿಥಿ ಯಾವತ್ತು ಅಂತ ಕೇಳಿದ. ಆವತ್ತು ಕೆಂಪಣ್ಣ ಸುಹೇಲನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಂದದ್ದನ್ನೆಲ್ಲ ಓದಿಸಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಗದ್ದೆಯ ಬದುವಿಗೆ ಜಗಳವಾಡಿ ಮಾತು ಬಿಟ್ಟಿದ್ದವನೂ ಅಣ್ಣಾ ಅಂತ ಅತ್ತಿದ್ದ. ಅದನ್ನು ಎರಡು ಸಲ ಓದಿಸಿಕೊಂಡರು.

"ನೋಡ್ದಾ ಮಾಮೂದಾ? ಎಲ್ಲಾರ್ಗೂ ನಾನು ಬೇಕಾದೋನು ಕಣಮ್ಮ. ನಮ್ಮೋನು ಅಂತ ತೋರ್ಸ್ಕಳಕೆ ಒಬ್ರಿಗಿಂತ ಒಬ್ರು ಮುಂದೆ ಬಿದ್ದವ್ರೆ," ಅಂದರು. ಖುಷಿ ಮುಚ್ಚಿಟ್ಟುಕೊಳ್ಳಲು ಅವರಿಂದ ಆಗಲಿಲ್ಲ.

ಅಕ್ಕಿ ಕೇರುತ್ತಿದ್ದ ರೇವಕ್ಕ ಮೊರ ಕೆಳಗಿಟ್ಟಳು. "ಇನ್ನೂರು ಜನ ನೀನು ಸತ್ತೆ ಅಂದ್ರು. ಇಲ್ಲ ಅಂದೋಳು ಒಬ್ಳು. ಅವಳ ಎಸ್ರು ಅದ್ರಲ್ಲಿ ಎಲ್ಲಾನಾ ಬಂದದಾ?"

ಸುಹೇಲ ಫೋನು ಕೆಳಗಿಟ್ಟ. ಕೆಂಪಣ್ಣ ಹೆಂಡತಿಯ ಕಡೆ ತಿರುಗಿದರು. ಮೂರು ತಾಲ್ಲೂಕಿಗೆ ಬಡಿಸಿದ ಮನುಷ್ಯ, ಮನೆಯಲ್ಲಿ ಇರುವವಳನ್ನು ಆವತ್ತು ಹೊಸದಾಗಿ ನೋಡುವ ಹಾಗಿತ್ತು. ಆಮೇಲೆ ಸುಹೇಲನ ಹೆಗಲು ತಟ್ಟಿ, "ಲೇ, ದೊಡ್ಡದಾಗಿ ಒಂದು ಪೋಟ ಮಾಡ್ಲಾ. ನಂದಲ್ಲ, ಇವಳ್ದು," ಅಂದರು.

ಲಾಕ್‌ಡೌನ್ ತೆರೆದು ಬಸ್ಸು ಓಡಲು ಶುರುವಾದ ವಾರ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ನಿಂತಿತು. ಅಲ್ಲಿ ರಾಜಕೀಯದವರು ನಿಂತಿದ್ದಾರೆ, ಸತ್ತವರು ನಿಂತಿದ್ದಾರೆ. ಬದುಕಿರುವ ಒಬ್ಬ ಸಾಮಾನ್ಯ ಹೆಂಗಸು ನಿಂತದ್ದು ಅದೇ ಮೊದಲು. ಫೋಟೋ ಬೇಡ ಅಂತ ಸುಹೇಲನನ್ನು ಬೈಯುತ್ತಿರುವಾಗಲೇ ತೆಗೆದ ಚಿತ್ರ, ಕೈಯೆತ್ತಿದ್ದಾಳೆ, ಬಳೆ ಎಲ್ಲ ಕಾಣುತ್ತವೆ. ಹಾರ ಇಲ್ಲ, ದೀಪ ಇಲ್ಲ, ನಾನೇ ನಿಂತು ನೋಡಿದ್ದೇನೆ. ಕೆಳಗೆ, ಕಿರುಗಾವಲಿನ ಹೆಮ್ಮೆ ಶ್ರೀಮತಿ ರೇವಮ್ಮ.

ಆ ಮಧ್ಯಾಹ್ನ ಮದ್ದೂರಿನ ರಂಜಿತ ಬಸ್ಸಿಳಿದು ಬಂದಳು. ನಾವಿಬ್ಬರೂ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅವಳು ಅಂಗಳದಲ್ಲೇ ನಿಂತು ರೇವಕ್ಕನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೆವರಿದ್ದಳು. ಫೋನು ಕೈಯಲ್ಲೇ ಇತ್ತು.

"ಅಕ್ಕ, ಬಸ್ಟಾಂಡಲ್ಲಿ ನಿಮ್ ಪೋಟ ನೋಡಿ ಎದೆ ಒಡ್ಕಂಡ್ಬುಡ್ತು. ಓದ್ದೆ. ಓದಿದ್ರೂ ನಂಬ್ಕೆ ಬರ್ನಿಲ್ಲ, ಅದ್ಕೇ ಇಲ್ಲಿಗಂಟ ಬಂದೆ. ನೀವು ಚೆನ್ನಾಗಿದೀರಿ ಅಂತ ಗ್ರೂಪಿಗೆ ಹಾಕ್ಲಾ?"

ರೇವಕ್ಕ ಹುಣಸೆ ಬೀಜ ಪಕ್ಕಕ್ಕೆ ಹಾಕಿ ತಲೆಯೆತ್ತಿದಳು.

"ಕಂಡ್ಯಲ್ಲ. ಈಗ ಹಾಕು."